ಒಳಪೆಟ್ಟು

ಯುಗಾದಿಯ ಮಾರನೆಯ ದಿನ. ಹಿಂದಿನ ದಿನದ ಒಬ್ಬಟ್ಟಿನ ಸಾರನ್ನು ಮತ್ತೊಮ್ಮೆ ಕುದಿಯಲು ಇಟ್ಟು ಅದರ ಘಮಕ್ಕೆ ನಾನೇ ಸೋತು ನಿಂತಿದ್ದಾಗ, ಬಾಗಿಲಲ್ಲಿ ಯಾರೋ “ಮಿಸ್” ಎಂದರು. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಆ ಕರೆ ಯಾವ ಬೀದಿಯಲ್ಲಿ, ಯಾವ ಬಸ್ಸಿನಲ್ಲಿ ಕೇಳಿದರೂ ಕತ್ತು ತಾನಾಗಿ ತಿರುಗುತ್ತದೆ. ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ನಮ್ಮ ಕ್ಯಾಸಂಬಳ್ಳಿಯ ಪಕ್ಕದ ಹಳ್ಳಿಯವಳು. ಅಪ್ಪ ಅಮ್ಮ ಟೊಮೇಟೊ ಬೆಳೆಯುವವರು. ಎಂಟನೆಯ ತರಗತಿಯಿಂದ ಹತ್ತರವರೆಗೆ ನನ್ನ ಕೈಯಲ್ಲೇ ಓದಿ, ಆಮೇಲೆ ಡಿಪ್ಲೊಮಾ ಮಾಡಿ, ಬೆಂಗಳೂರಿನಲ್ಲಿ ವಿಮಾನದ ಭಾಗಗಳನ್ನು ತಯಾರಿಸುವ ಒಂದು ಕಾರ್ಖಾನೆಗೆ ಸೇರಿದ್ದಾಳೆ. ಮೊದಲೆರಡು ವರ್ಷ ಮಾರಿಕುಪ್ಪಂ ರೈಲಿನಲ್ಲಿ ದಿನವೂ ಹೋಗಿ ಬರುತ್ತಿದ್ದಳು. ಬೆಳಗಿನ ಕತ್ತಲಲ್ಲಿ ಹೊರಟು ರಾತ್ರಿ ಕತ್ತಲಲ್ಲಿ ಇಳಿಯುವ ನಮ್ಮ ಚಿನ್ನದ ಊರಿನ ಸಾವಿರಾರು ಮಂದಿಯಲ್ಲಿ ಒಬ್ಬಳಾಗಿ. ಈಗ ಅಲ್ಲೇ ಪಿ.ಜಿ.ಯಲ್ಲಿ ಇದ್ದಾಳೆ.

ಒಂದು ಡಬ್ಬಿ ಮೈಸೂರು ಪಾಕಿನ ಜೊತೆಗೆ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ವಸ್ತುವನ್ನೂ ನನ್ನ ಕೈಗಿಟ್ಟಳು. ಬಿಚ್ಚಿದರೆ ಅಂಗೈ ಅಗಲದ ಕಪ್ಪು ಬಿಲ್ಲೆ. ಮುಖ ಕಾಣುವಷ್ಟು ನುಣುಪು. ಎತ್ತಿದರೆ ತೂಕವೇ ಇಲ್ಲ.

“ವಿಮಾನದ ರೆಕ್ಕೆ ಮಾಡ್ತಾರಲ್ಲ ಮಿಸ್, ಆ ಕಾರ್ಬನ್ನಿಂದು. ಪರೀಕ್ಷೆಗೆ ಅಂತ ಕೊಯ್ದು ಬಿಸಾಡೋ ಚೂರು. ಕೇಳೇ ತಂದಿದ್ದೀನಿ” ಎಂದಳು. ಆ ಕಡೆಯ ಮಾತನ್ನು ಒತ್ತಿ ಹೇಳಿದಳು.

ನಾನು ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಟಕಟಕ ತಟ್ಟಿದೆ. ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

ನಗಲಿ ಬಿಡಿ. ತಟ್ಟಿ ನೋಡದೆ ನಾವು ಯಾವುದನ್ನು ಮನೆಗೆ ತಂದಿದ್ದೇವೆ? ನಮ್ಮ ಅಮ್ಮ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಒಂದೊಂದನ್ನೂ ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಗೆಣ್ಣಿನಿಂದ ಬಡಿಯುತ್ತಿದ್ದಳು. ಗಂಟೆಯ ಹಾಗೆ ‘ಠಣ್’ ಎಂದರೆ ಬುಟ್ಟಿಗೆ. ‘ದಬ್’ ಎಂದರೆ ಕುಂಬಾರನ ಕಡೆಗೆ ವಾಪಸ್ಸು. ಕಣ್ಣಿಗೆ ಕಾಣದ ಸೀಳು ಅವಳ ಕಿವಿಗೆ ಕೇಳುತ್ತಿತ್ತು. ತೆಂಗಿನಕಾಯಿ, ಹಲಸು, ಕಲ್ಲಂಗಡಿ ಎಲ್ಲಕ್ಕೂ ಅದೇ ನ್ಯಾಯ. ಅಪ್ಪನಿಗಂತೂ ಅದು ಅನ್ನದ ಕೆಲಸ. ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ಮರದ ಆಸರೆ ಕಟ್ಟುವ ತಂಡದಲ್ಲಿದ್ದರು. ಆ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಆಳ. ಒಳಗೆ ಇಳಿದ ಮೇಲೆ ಮೊದಲ ಕೆಲಸ ಹಾರೆಯಿಂದ ತಲೆಯ ಮೇಲಿನ ಕಲ್ಲನ್ನು ಬಡಿದು ನೋಡುವುದು. ಗಟ್ಟಿ ಕಲ್ಲು ಮೊಳಗುತ್ತದೆ. ಒಳಗೆ ಪದರ ಬಿಟ್ಟುಕೊಂಡ ಕಲ್ಲು ಡೊಳ್ಳಿನ ಹಾಗೆ ಮಂಕಾಗಿ ನುಡಿಯುತ್ತದೆ. ಡೊಳ್ಳು ನುಡಿದ ಕಡೆ ಯಾರೂ ನಿಲ್ಲುವಂತಿಲ್ಲ. ಅಷ್ಟಾಗಿಯೂ ಹಾರೆಯ ಮಾತಿಗೆ ಸಿಗದೆ, ಆಳದ ಒತ್ತಡಕ್ಕೆ ಬಂಡೆಯೇ ಸಿಡಿಯುವುದಿತ್ತು. ನಮ್ಮ ಲೈನ್ ಮನೆಗಳಲ್ಲಿ ಅದನ್ನು ‘ಏರ್‌ಬ್ಲಾಸ್ಟ್’ ಎನ್ನುತ್ತಿದ್ದರು. ಕಪಾಟಿನ ಪಾತ್ರೆಗಳು ತಾವಾಗಿ ಗಲಗಲ ಎಂದರೆ ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಹೊರಗೆ ಬಂದು, ಗಣಿಯ ಕಡೆ ಮುಖ ಮಾಡಿ ನಿಂತುಬಿಡುತ್ತಿದ್ದರು. ಆ ನಿಲುವನ್ನು ಕಂಡವರು ಮರೆಯುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಹುಡುಗಿ ನಗು ನಿಲ್ಲಿಸಿದಳು. “ನಾವೂ ತಟ್ತೀವಿ ಮಿಸ್. ನಾಣ್ಯದಲ್ಲಿ, ಇಲ್ಲ ಒಂದು ಪುಟ್ಟ ಸುತ್ತಿಗೆಯಲ್ಲಿ. ಆದರೆ ಅದನ್ನೇ ನಂಬೋ ಹಾಗಿಲ್ಲ” ಎಂದಳು.

ಯಾಕೆ ನಂಬುವ ಹಾಗಿಲ್ಲ ಎಂಬುದಕ್ಕೆ ಅವಳು ಹೇಳಿದ ಕಥೆ ಇದು. 2005ರ ಮಾರ್ಚ್ 6ರಂದು ಕ್ಯೂಬಾ ದೇಶದ ವರಡೇರೊದಿಂದ ಕೆನಡಾಕ್ಕೆ 271 ಮಂದಿಯನ್ನು ಹೊತ್ತು ಹೊರಟ ಏರ್ ಟ್ರಾನ್ಸಾಟ್ ಕಂಪನಿಯ ವಿಮಾನವೊಂದು ಆಕಾಶದಲ್ಲಿರುವಾಗಲೇ ತನ್ನ ಬಾಲದ ಚುಕ್ಕಾಣಿಯನ್ನು ಕಳೆದುಕೊಂಡಿತು. ಚುಕ್ಕಾಣಿ ಹೀಗೆಯೇ ಪದರಪದರವಾಗಿ ಕಟ್ಟಿದ ವಸ್ತುವಿನದು. ದೊಡ್ಡ ಸದ್ದು, ಅಲುಗಾಟ. ಪೈಲಟ್ಟುಗಳಿಗೆ ಏನಾಗಿದೆ ಎಂಬುದೇ ತಿಳಿಯದು. ಹೇಗೋ ಹಿಂದಿರುಗಿಸಿ ಇಳಿಸಿದರು. ಇಳಿದ ಮೇಲೆ ನೋಡಿದರೆ ಬಾಲದಲ್ಲಿ ಚುಕ್ಕಾಣಿಯ ಬುಡ ಮಾತ್ರ ಉಳಿದಿದೆ. ಯಾರೂ ಸಾಯಲಿಲ್ಲ, ಅದು ಪುಣ್ಯ. ಕೆನಡಾದವರು ತನಿಖೆ ಮಾಡಿ ಬರೆದದ್ದು: ಒಳಗಿನ ಪದರ ಮೊದಲೇ ಬಿಟ್ಟುಕೊಂಡಿದ್ದಿರಬೇಕು, ಕಣ್ಣಿನಿಂದ ನೋಡುವುದು, ತಟ್ಟಿ ನೋಡುವುದು, ಇಷ್ಟರಿಂದಲೇ ಅಂಥದ್ದನ್ನು ಸಮಯಕ್ಕೆ ಸರಿಯಾಗಿ ಹಿಡಿಯಲು ಆಗುವುದಿಲ್ಲ.

ನನ್ನ ಅಮ್ಮನ ಕಿವಿಯೂ ಅಲ್ಲಿ ಸೋಲುತ್ತಿತ್ತು ಎಂದ ಹಾಗಾಯಿತು. ಸ್ವಲ್ಪ ಬೇಸರವೇ ಆಯಿತು.

ಒಬ್ಬಟ್ಟು ಬಡಿಸಿ ಕೂರಿಸಿ ಅವಳ ಕೆಲಸದ ವಿಚಾರ ಕೇಳತೊಡಗಿದೆ. ನಾನು ಬಿ.ಎ., ಬಿ.ಎಡ್. ಓದಿದವಳು, ವಿಜ್ಞಾನ ನನ್ನ ವಿಷಯವಲ್ಲ. ಆದರೆ ಅವಳು ಹೇಳಿದ ರೀತಿಯಲ್ಲಿ ಅಡುಗೆಮನೆಯ ಯಾವ ಹೆಂಗಸಿಗೂ ಅರ್ಥವಾಗುತ್ತದೆ. ಕೂದಲಿಗಿಂತ ಎಷ್ಟೋ ಸಣ್ಣ ಕಾರ್ಬನ್ ಎಳೆಗಳ ಹಾಳೆ. ಅದಕ್ಕೆ ಮೊದಲೇ ಅಂಟು ಹಿಡಿಸಿರುತ್ತಾರೆ. ಹಾಳೆಯನ್ನು ಮಂಜುಗಡ್ಡೆಗಿಂತ ತಣ್ಣನೆಯ ಪೆಟ್ಟಿಗೆಯಲ್ಲಿ ಇಟ್ಟಿರಬೇಕು, ಇಲ್ಲವಾದರೆ ಅಂಟು ತಾನಾಗಿ ಗಟ್ಟಿಯಾಗುತ್ತದೆ. ಹೊರಗೆ ತೆಗೆದು, ಬೆವರು ಆರುವವರೆಗೆ ಕಾದು, ಬಿಡಿಸಿ, ಕತ್ತರಿಸಿ, ಒಂದರ ಮೇಲೊಂದು ಕೂರಿಸಬೇಕು. ಒಂದು ಪದರ ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ದಪ್ಪ ಎಂದುಕೊಳ್ಳಿ. ನಲವತ್ತು ಪದರ ಸೇರಿದರೆ ಐದು ಮಿಲಿಮೀಟರು. ಒಂದು ಪದರದ ಎಳೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ, ಮತ್ತೊಂದು ಓರೆಗೆ. ಯಾವ ಕಡೆಯಿಂದ ಎಳೆದರೂ ತಡೆಯಲಿ ಎಂದು. ಕೊನೆಗೆ ಎಲ್ಲವನ್ನೂ ದೊಡ್ಡ ಕುಕ್ಕರಿನಂಥ ಒಲೆಯಲ್ಲಿ ಒತ್ತಡ ಹಾಕಿ ಬೇಯಿಸುತ್ತಾರೆ.

ಚಿರೋಟಿ ಮಾಡುವಾಗ ಪದರ ಬಿಡಲಿ ಎಂದು ನಾವು ತುಪ್ಪ ಅಕ್ಕಿಹಿಟ್ಟು ಸವರುತ್ತೇವೆ. ಅವರದು ಉಲ್ಟಾ. ಪದರ ಬಿಟ್ಟರೆ ಮುಗಿಯಿತು. ಹಾಳೆಗೆ ಅಂಟಿಸಿದ ಕಾಗದವನ್ನು ಬಿಡಿಸಲು ಮರೆತು ಒಂದು ಚೂರು ಒಳಗೆ ಉಳಿದರೂ, ಒಬ್ಬಟ್ಟಿನ ಒಳಗೆ ಬಾಳೆ ಎಲೆಯ ಚೂರು ಉಳಿದ ಹಾಗೆ, ಅಲ್ಲಿ ಎರಡು ಪದರ ಕೂಡುವುದೇ ಇಲ್ಲ. ಹೊರಗಿನಿಂದ ನೋಡಿದರೆ ಕನ್ನಡಿಯಂಥ ಮೈ!

ಈ ವಿದ್ಯೆ ನಮ್ಮ ಬೆಂಗಳೂರಿಗೆ ಹೊಸದೇನಲ್ಲ. ಅಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎಲ್ಲರೂ ‘ಎನ್‌ಎಎಲ್’ ಎನ್ನುವುದು, ಪೂರ್ತಿ ಇಂಥ ವಸ್ತುವಿನಲ್ಲೇ ಕಟ್ಟಿದ ‘ಹಂಸ’ ಎಂಬ ಪುಟ್ಟ ವಿಮಾನವನ್ನು 1993ರ ನವೆಂಬರಿನಲ್ಲೇ ಹಾರಿಸಿತ್ತು. ತೇಜಸ್ ಯುದ್ಧವಿಮಾನದ ತೂಕದಲ್ಲಿ ನೂರಕ್ಕೆ ನಲವತ್ತೈದರಷ್ಟು ಈ ಪದರದ ವಸ್ತುವೇ. ಅದರ ಬಾಲದ ರೆಕ್ಕೆಯಂಥ ಭಾಗಗಳ ಕೆಲಸ ಅದೇ ಪ್ರಯೋಗಾಲಯದಲ್ಲಿ ನಡೆದದ್ದು. ಆ ವಿಮಾನ ಬೆಂಗಳೂರಿನ ಆಕಾಶಕ್ಕೆ ಮೊದಲ ಸಲ ಏರಿದ್ದು 2001ರ ಜನವರಿ 4ರಂದು. ಆಗಿನ್ನೂ ತೇಜಸ್ ಎಂಬ ಹೆಸರು ಇಟ್ಟಿರಲಿಲ್ಲ. ತಾರೀಖು ನನಗೆ ನೆನಪಿರುವ ಕಾರಣ ಬೇರೆ. ಅದೇ ವರ್ಷ ಫೆಬ್ರವರಿ 28ರಂದು ನಮ್ಮ ಚಿನ್ನದ ಗಣಿ ಮುಚ್ಚಿತು. ಅಪ್ಪ ಆ ದಿನ ಊಟ ಮಾಡಲಿಲ್ಲ. ರೈಲಿನಲ್ಲಿ ನೂರು ಕಿಲೋಮೀಟರಿಗೂ ಕಡಿಮೆ ದೂರದ ಊರು ಆಕಾಶಕ್ಕೆ ಹಾರುತ್ತಿತ್ತು, ನಮ್ಮದು ನೆಲದೊಳಗಿನಿಂದ ಕೊನೆಯ ಸಲ ಮೇಲೆ ಬರುತ್ತಿತ್ತು. ಆ ಮನೆಗಳ ಮಕ್ಕಳೇ ಈಗ ಬೆಳಗಿನ ರೈಲು ಹಿಡಿಯುವವರು.

ಇರಲಿ. ಹುಡುಗಿ ಮೊದಲು ಪದರ ಕೂರಿಸುವ ಕೋಣೆಯಲ್ಲಿದ್ದಳು. ಆಮೇಲೆ ತರಬೇತಿ ಪಡೆದು ಪರೀಕ್ಷೆಯ ವಿಭಾಗಕ್ಕೆ ಬಂದಳು. ಅಲ್ಲಿ ತಟ್ಟುವ ಕೆಲಸವನ್ನು ಬೆರಳ ಬದಲು ಶಬ್ದವೇ ಮಾಡುತ್ತದೆ. ಅದೂ ಕಿವಿಗೆ ಕೇಳದ ಶಬ್ದ. ನಮ್ಮ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನದವರೆಗೆ ಕೇಳಬಲ್ಲದು, ಅದೂ ಎಳೆಯ ಕಿವಿಯಾದರೆ. ಇವರ ಯಂತ್ರ ಕಳಿಸುವುದು ಸೆಕೆಂಡಿಗೆ ಐವತ್ತು ಲಕ್ಷ ಕಂಪನದ ಅಲೆ. ಅಷ್ಟು ಯಾಕೆ ಎಂದೆ. “ರಾಗಿ ಜರಡಿ ಹಿಡಿಯೋಲ್ವಾ ಮಿಸ್, ತೂತು ದೊಡ್ಡದಾದರೆ ಕಲ್ಲು ನಿಲ್ಲುತ್ತಾ?” ಎಂದಳು. ಅಲೆ ದೊಡ್ಡದಾದರೆ ಸಣ್ಣ ಬಿರುಕನ್ನು ಸುತ್ತಿಕೊಂಡು ಹೊರಟುಹೋಗುತ್ತದೆ. ಈ ಅಲೆಯ ಅಳತೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಅಲೆ ಒಳಗೆ ಹೋಗಿ, ಆ ಬದಿಯ ಗೋಡೆಗೆ ತಾಗಿ, ಹಿಂತಿರುಗುತ್ತದೆ. ಬಾವಿಯೊಳಗೆ ಕೂಗಿದರೆ ಮಾತು ಹಿಂತಿರುಗುವ ಹಾಗೆ. ಐದು ಮಿಲಿಮೀಟರಿನ ಹಲಗೆಯಲ್ಲಿ ಹೋಗಿ ಬರಲು ಹಿಡಿಯುವ ಹೊತ್ತು, ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಮೂರು ಭಾಗ. ಯಂತ್ರ ಅದನ್ನೂ ಲೆಕ್ಕ ಇಡುತ್ತದೆ. ನಡುವೆ ಎಲ್ಲಾದರೂ ಪದರ ಬಿಟ್ಟಿದ್ದರೆ ಅಲ್ಲಿ ತೆಳ್ಳನೆಯ ಗಾಳಿ ಕೂತಿರುತ್ತದೆ. ಶಬ್ದಕ್ಕೆ ಗಾಳಿಯ ಪರದೆ ಕಲ್ಲಿನ ಗೋಡೆಗಿಂತ ಹೆಚ್ಚು. ಹೆಚ್ಚುಕಡಿಮೆ ಎಲ್ಲವೂ ಅಲ್ಲೇ ತಿರುಗಿ ಬಂದುಬಿಡುತ್ತದೆ. ಬರಬೇಕಾದ ಹೊತ್ತಿಗಿಂತ ಮೊದಲೇ ಬಂದ ಉತ್ತರದಿಂದ, ಎಷ್ಟು ಆಳದಲ್ಲಿ, ಯಾವ ಪದರದ ಕೆಳಗೆ ಬಿಟ್ಟಿದೆ ಎಂದು ತಿಳಿಯುತ್ತದೆ. ಇಡೀ ಹಲಗೆಯ ಮೇಲೆ ಸಾಲುಸಾಲಾಗಿ ಓಡಿಸಿದರೆ ಬಣ್ಣದ ನಕ್ಷೆಯೇ ಮೂಡುತ್ತದೆ.

ಗಾಳಿಯ ತಾಪತ್ರಯ ಹೊರಗೂ ಇದೆ. ಹಿಡಿಯುವ ಉಪಕರಣಕ್ಕೂ ಹಲಗೆಗೂ ನಡುವೆ ಗಾಳಿ ಇದ್ದರೆ ಅಲೆ ಒಳಗೇ ಇಳಿಯದು. ಅದಕ್ಕೆ ನೀರು ಹಾಯಿಸುತ್ತಾರೆ, ಇಲ್ಲವೆ ಲೋಳೆಯಂಥ ಜೆಲ್ ಬಳಿಯುತ್ತಾರೆ. “ನಿಮಗೆ ಗೊತ್ತಿರಬೇಕಲ್ಲ ಮಿಸ್, ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಗೆ ಹಚ್ತಾರಲ್ಲ, ಅದೇ” ಎಂದಳು.

ಗೊತ್ತಿಲ್ಲದೆ ಏನು! ನಲವತ್ತೆಂಟನೆಯ ವಯಸ್ಸಿನಲ್ಲಿ ಆ ಥಣ್ಣನೆಯ ಲೋಳೆ ಹೊಟ್ಟೆಗೆ ತಾಗಿದಾಗ ಮೈಯೆಲ್ಲ ಜುಮ್ಮೆಂದದ್ದು ಇನ್ನೂ ನೆನಪಿದೆ. ಅದಕ್ಕೆ ಮೊದಲು ಎರಡು ವರ್ಷ ನಾನು ಯಾರಿಗೂ ಹೇಳಿರಲಿಲ್ಲ. ತಿಂಗಳಿಗೆ ಹದಿನೈದು ದಿನ ಸ್ರಾವ. ಕಪ್ಪು ಅಂಚಿನ ದಟ್ಟ ಬಣ್ಣದ ಸೀರೆಗಳನ್ನೇ ಉಟ್ಟು, ತರಗತಿಯಲ್ಲಿ ಕುರ್ಚಿಯಿಂದ ಏಳುವಾಗ ಹಿಂದೆ ನೋಡಿಕೊಳ್ಳುತ್ತ ಕಾಲ ಹಾಕಿದೆ. ‘ಈ ವಯಸ್ಸಿಗೆ ಎಲ್ಲರಿಗೂ ಇದ್ದದ್ದೇ’ ಎಂಬುದು ನಾವು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಔಷಧಿ. ಕೊನೆಗೆ ತಲೆ ತಿರುಗಿ ಬಿದ್ದ ಮೇಲೆ ಸ್ಕ್ಯಾನಿಂಗ್ ಆಯಿತು. ಮೂಸಂಬಿಯಷ್ಟು ದೊಡ್ಡ ನಾರುಗೆಡ್ಡೆ ಪರದೆಯ ಮೇಲೆ ಬೆಳ್ಳಗೆ ಕಪ್ಪಗೆ ಕಂಡಿತು. ನನ್ನ ಒಳಗಿನದು ನನಗಿಂತ ಮೊದಲು ಆ ಯಂತ್ರದ ಮುಂದೆ ಕೂತ ಹುಡುಗನಿಗೆ ಗೊತ್ತಾಯಿತು.

ಆಮೇಲೆ ಈ ವಿಷಯವನ್ನು ಹುಡುಕಿ ಓದುವಾಗ ನನಗೆ ಒಂದು ಚೆಂದದ ಸಂಗತಿ ಸಿಕ್ಕಿತು. ನಾನು ಆಸ್ಪತ್ರೆಯ ಯಂತ್ರ ಕಾರ್ಖಾನೆಗೆ ಹೋಯಿತೆಂದುಕೊಂಡಿದ್ದೆ. ನಡೆದದ್ದು ತಿರುಗುಮುರುಗು. ಕೇಳದ ಶಬ್ದದಿಂದ ಲೋಹದ ಒಳಗಿನ ದೋಷ ಹುಡುಕಬಹುದೆಂದು ರಷ್ಯಾದ ಸೊಕೊಲೊವ್ 1928ರಲ್ಲೇ ಹೇಳಿದ್ದ. 1940ರ ದಶಕದಲ್ಲಿ ಅಮೆರಿಕದ ಫೈರ್‌ಸ್ಟೋನ್ ಎಂಬಾತ ಮಾರ್ದನಿಯಿಂದ ಬಿರುಕು ಹಿಡಿಯುವ ಯಂತ್ರ ಮಾಡಿದ. ಹೆಂಗಸಿನ ಹೊಟ್ಟೆಗೆ ಅದು ಬಂದದ್ದು ಆಮೇಲೆ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ವೈದ್ಯ 1955ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ನನ್ನಂಥವರ ಗೆಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು, ಬಾಯ್ಲರ್ ತಯಾರಿಸುವ ಕಾರ್ಖಾನೆಗೆ ಹೋದನಂತೆ. ಬೆಸುಗೆಯ ಬಿರುಕು ನೋಡುವ ಯಂತ್ರ ಗೆಡ್ಡೆಯನ್ನೂ ತೋರಿಸೀತೆ ಎಂದು ನೋಡಲು. ಹೋಲಿಸುವುದಕ್ಕೆ ಕಾರ್ಖಾನೆಯವರು ಒಂದು ತುಂಡು ದನದ ಮಾಂಸ ಒದಗಿಸಿದರು. ಯಂತ್ರ ಗೆಡ್ಡೆ ಯಾವ ಬಗೆಯದೆಂದು ಬೇರ್ಪಡಿಸಿ ತೋರಿಸಿತು. 1958ರಲ್ಲಿ ಅವನು ಮತ್ತು ಜೊತೆಯವರು ಪ್ರಕಟಿಸಿದ ಲೇಖನದಿಂದ ಮುಂದಿನ ಬಸುರಿ ಹೆಂಗಸರ ಸ್ಕ್ಯಾನಿಂಗ್ ಎಲ್ಲ ಬೆಳೆಯಿತು. ಬಾಯ್ಲರು, ವಿಮಾನದ ರೆಕ್ಕೆ, ನನ್ನ ಹೊಟ್ಟೆ ಎಲ್ಲವೂ ಒಂದೇ ಬಳಗ ಎಂದು ಹುಡುಗಿಗೆ ಫೋನಿನಲ್ಲಿ ಹೇಳಿದಾಗ ಅವಳಿಗೂ ಹೊಸ ಸುದ್ದಿಯಾಗಿತ್ತು. ಮೇಷ್ಟರಿಗೆ ಇಷ್ಟು ಸಾಕು.

ಆ ದಿನದ ಮಾತಿಗೆ ಬರುತ್ತೇನೆ. ಕಾಫಿ ಕುಡಿಯುತ್ತ ಅವಳು ಆ ಕಪ್ಪು ಬಿಲ್ಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು “ಇದಕ್ಕೆ ಪೆಟ್ಟು ಬಿದ್ದಿದೆ ಮಿಸ್. ಎಲ್ಲಿ ಅಂತ ಹೇಳಿ ನೋಡೋಣ” ಎಂದಳು. ಕನ್ನಡಕ ಹಾಕಿಕೊಂಡು ನೋಡಿದೆ. ಬೆರಳು ಆಡಿಸಿದೆ. ಎಲ್ಲ ಒಂದೇ ಸಮ.

ಲೋಹದ ಗುಣವೇ ಬೇರೆಯಂತೆ. ನಮ್ಮ ಸ್ಟೀಲು ಲೋಟ ಬಿದ್ದರೆ ತಗ್ಗುತ್ತದೆ. ಬಿದ್ದದ್ದಕ್ಕೆ ಆ ತಗ್ಗೇ ಸಾಕ್ಷಿ. ಈ ಪದರದ ವಸ್ತು ಪೆಟ್ಟು ತಿಂದು ಮತ್ತೆ ಮೊದಲಿನಂತೆ ಚಿಮ್ಮಿ ನಿಲ್ಲುತ್ತದೆ. ಮೇಲೆ ಗುರುತಿಲ್ಲ. ಒಳಗೆ ಮಾತ್ರ ಪದರದಿಂದ ಪದರ ಬಿಟ್ಟುಕೊಂಡಿರುತ್ತದೆ. ಪೆಟ್ಟು ಬಿದ್ದ ಕಡೆ ಚಿಕ್ಕದು, ಆಳಕ್ಕೆ ಹೋದಂತೆ ಅಗಲ, ಬಿಚ್ಚಿದ ಛತ್ರಿಯ ಹಾಗೆ. ಎಳೆದರೆ ತಡೆದೀತು, ಅದುಮಿದರೆ ತಡೆಯುವ ಶಕ್ತಿ ಅರ್ಧಕ್ಕೂ ಇಳಿದಿರಬಹುದು. ನಮ್ಮಲ್ಲಿ ಮಗು ಬಿದ್ದು, ಗಾಯವಿಲ್ಲದಿದ್ದರೂ ಅಳು ನಿಲ್ಲಿಸದಿದ್ದರೆ ಅಮ್ಮಂದಿರು ‘ಒಳಪೆಟ್ಟು ಬಿದ್ದಿರಬೇಕು’ ಎನ್ನುತ್ತಾರಲ್ಲ, ಅದೇ. ಇಲ್ಲಿ ಅಳುವ ಮಗು ಇಲ್ಲ.

ಅದಕ್ಕೇ ಅವರ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟು. ಯಾರ ಕೈಯಿಂದ ಏನು ಬಿದ್ದರೂ, ಒಂದು ಸ್ಕ್ರೂಡ್ರೈವರ್ ಆದರೂ, ಹೇಳಬೇಕು. ಒಂದು ಫಾರಂ ಇದೆ: ಏನು ಬಿತ್ತು, ಎಷ್ಟು ಎತ್ತರದಿಂದ, ಯಾವ ಜಾಗಕ್ಕೆ, ಎಷ್ಟು ಹೊತ್ತಿಗೆ. ಹೇಳಿದರೆ ಅಲ್ಲಿ ಯಂತ್ರ ಇಟ್ಟು ನೋಡುತ್ತಾರೆ. ಎಷ್ಟು ದೊಡ್ಡ ಯಂತ್ರವಾದರೂ ಅದನ್ನು ಅಲ್ಲಿಗೆ ಒಯ್ದು ಇಟ್ಟರೆ ತಾನೆ ಅದು ನೋಡುವುದು?

ಕಲ್ಪನಾ ಚಾವ್ಲಾ ನೆನಪಾದಳು. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಏರಿದ 82ನೆಯ ಸೆಕೆಂಡಿನಲ್ಲಿ, ಹೊರಗಿನ ಟ್ಯಾಂಕಿನಿಂದ ಕಳಚಿದ ಒಂದು ಕಿಲೋಗೂ ಕಡಿಮೆ ತೂಕದ ನೊರೆಯ ತುಂಡು ಎಡ ರೆಕ್ಕೆಯ ಅಂಚಿಗೆ ಬಡಿಯಿತು. ಆ ಅಂಚು ಕಾರ್ಬನ್ನಿನಿಂದಲೇ ಮಾಡಿದ್ದು. ಬಡಿದದ್ದು ಮಾರನೆಯ ದಿನವೇ ಚಿತ್ರದಲ್ಲಿ ಕಂಡಿತ್ತು. ರೆಕ್ಕೆಯ ಫೋಟೊ ತೆಗೆಸಿ ನೋಡೋಣ ಎಂದು ಎಂಜಿನಿಯರುಗಳು ಕೇಳಿದರು, ಮೇಲಿನವರು ಬೇಡವೆಂದರು. ಹದಿನಾರು ದಿನ ಆ ಏಳು ಮಂದಿ ಮೇಲೆ ಕೆಲಸ ಮಾಡುತ್ತಿದ್ದರು. ಫೆಬ್ರವರಿ 1ರಂದು ಇಳಿಯುವಾಗ ಬೆಂಕಿಯಂಥ ಗಾಳಿ ಆ ಒಡಕಿನಿಂದ ಒಳಗೆ ನುಗ್ಗಿತು. ಆ ವಾರ ನಮ್ಮ ಶಾಲೆಯ ಹುಡುಗಿಯರು ಅವಳ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ನೊರೆಯಂಥ ಹಗುರ ವಸ್ತು ಏನು ಮಾಡೀತು ಎಂದವರಿಗೆ ಉತ್ತರವಾಗಿ, ಜುಲೈನಲ್ಲಿ ಅಂಥದೇ ತುಂಡನ್ನು ಅಂಥದೇ ಅಂಚಿಗೆ ಹೊಡೆದು ನೋಡಿದರು. ಒಂದಡಿಗೂ ಮೀರಿದ ಅಗಲದ ರಂಧ್ರವಾಯಿತು.

“ನಿನ್ನ ಕೈಯಿಂದ ಎಂದಾದರೂ ಏನಾದರೂ ಬಿದ್ದಿತ್ತೇನೇ?” ಎಂದೆ, ಸುಮ್ಮನೆ.

ಬಿದ್ದಿತ್ತು. ಹೋದ ವರ್ಷ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಅವಳ ಸ್ಟೀಲಿನ ಟಾರ್ಚು ಕೈ ಜಾರಿ ದೊಡ್ಡ ಹಲಗೆಯೊಂದರ ಮೇಲೆ ಬಿತ್ತು. ಅದೇ ಬೆಳಗ್ಗೆ ಅದನ್ನು ಇಡಿಯಾಗಿ ಪರೀಕ್ಷೆ ಮಾಡಿ, ದೋಷವಿಲ್ಲ ಎಂದು ಸಹಿ ಹಾಕಿದವಳು ಅವಳೇ. ಇನ್ನು ಅದನ್ನು ಮತ್ತೆ ಯಾರೂ ನೋಡುವುದಿಲ್ಲ. ಮಾರನೆಯ ದಿನ ಕಟ್ಟಿ ಕಳಿಸುವುದಿತ್ತು. ಬೆರಳಿನಿಂದ ಸವರಿ ನೋಡಿದಳು, ಏನೂ ಇಲ್ಲ. ಸುತ್ತ ನೋಡಿದಳು, ಯಾರೂ ಇಲ್ಲ. ಸಂಜೆ ಪಿ.ಜಿ.ಗೆ ಹೋಗಿ ಊಟ ಮಾಡದೆ ಮಲಗಿದಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮೇಲ್ವಿಚಾರಕರಿಗಾಗಿ ಬಾಗಿಲಲ್ಲಿ ಕಾದು ನಿಂತಳು.

“ಹತ್ತು ನಿಮಿಷ ಬೈದರು ಮಿಸ್. ಆಮೇಲೆ ಅವರೇ ಫಾರಂ ತಂದು ನನ್ನ ಪಕ್ಕ ಕೂತು ಬರೆಸಿದರು.” ಯಂತ್ರ ಇಟ್ಟರೆ ಐದು ರೂಪಾಯಿ ನಾಣ್ಯದಷ್ಟು ಕೆಂಪು ಕಲೆ, ಕೆಳಗಿನ ಪದರಗಳಲ್ಲಿ ಇನ್ನೂ ಅಗಲ. ಹಲಗೆ ಪಕ್ಕಕ್ಕೆ ಹೋಯಿತು. ಆ ತಿಂಗಳ ಇನ್ಸೆಂಟಿವ್ ಇಡೀ ತಂಡಕ್ಕೆ ಹೋಯಿತು. ಜೊತೆಯ ಇಬ್ಬರು ಎರಡು ವಾರ ಅವಳೊಂದಿಗೆ ಮಾತು ಬಿಟ್ಟಿದ್ದರು.

“ಹೇಳೋಕೆ ಭಯ ಆಗ್ಲಿಲ್ವೇನೇ?”

“ಆಯ್ತು ಮಿಸ್. ರಾತ್ರಿಯೆಲ್ಲ ಆ ಗ್ಲೋಬೇ ನೆನಪಿಗೆ ಬರ್ತಿತ್ತು.”

ನಗುತ್ತಲೇ ಹೇಳಿದಳು. ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

ಗ್ಲೋಬಿನ ಕಥೆ ಹೀಗೆ. 2012ನೆಯ ಇಸವಿ, ಅವಳು ಎಂಟನೆಯ ತರಗತಿ. ನಮ್ಮಲ್ಲಿ ದೊಡ್ಡದೊಂದು ಗ್ಲೋಬ್ ಇತ್ತು. ರಟ್ಟಿನ ಎರಡು ಅರೆಗೋಳಗಳನ್ನು ನಡುವೆ ಅಂಟಿಸಿ ಮೇಲೆ ಭೂಪಟದ ಕಾಗದ ಮೆತ್ತಿದ್ದು. ಅದನ್ನು ತರಗತಿಗೆ ತರುವ ಕೆಲಸಕ್ಕೆ ಮಕ್ಕಳಲ್ಲಿ ಪೈಪೋಟಿ. ಆ ದಿನ ಇವಳ ಸರದಿ. ಬೀರುವಿನಿಂದ ಎತ್ತಿ ತಂದು ಮೇಜಿನ ಮೇಲೆ ಇಡುವಾಗ ಭೂಮಂಡಲ ಸಮಭಾಜಕ ವೃತ್ತದ ಉದ್ದಕ್ಕೂ ಬಿಟ್ಟುಕೊಂಡು ಎರಡು ಬೋಗುಣಿಯಾಗಿ ಅವಳ ಕೈಗೆ ಬಂತು. ತರಗತಿ ಗೊಳ್ಳೆಂದಿತು. ನಾನು ಒಳಗೆ ಬಂದು ಯಾರು ಎಂದೆ. ಇವಳು ಎದ್ದು ನಿಂತು “ನನ್ನ ಕೈಯಲ್ಲಿ ಬಿಟ್ಕೊಂಡ್ತು ಮಿಸ್” ಎಂದಳು. ಮರದ ಸ್ಕೇಲಿನಿಂದ ಅಂಗೈಗೆ ಎರಡು ಕೊಟ್ಟೆ. ಮಕ್ಕಳನ್ನು ಹೊಡೆಯಬಾರದೆಂಬ ಕಾನೂನು 2010ರಲ್ಲೇ ಜಾರಿಗೆ ಬಂದಿತ್ತು. ತಿಳಿಯದೆ ಹೊಡೆದೆ ಎನ್ನಲಾರೆ. ಮಾರನೆಯ ದಿನ ಅವಳ ಅಪ್ಪ ಹೊಲದಿಂದ ನೇರ ಬಂದು, ಟೊಮೇಟೊ ಕಾಯಿಯ ಹಸಿರು ಕರೆ ಹಿಡಿದ ಕೈಯಿಂದ ನೂರೈವತ್ತು ರೂಪಾಯಿ ಎಣಿಸಿ ಕೊಟ್ಟು, “ತಪ್ಪಾಯ್ತು ಮಿಸ್” ಎಂದು ಹೋದರು. ಆ ವರ್ಷ 8ನೆಯ ತರಗತಿಯಲ್ಲಿ ಕಿಟಕಿಯ ಗಾಜು ಒಡೆಯಿತು, ಭೂಪಟ ಹರಿಯಿತು; ಯಾರು ಎಂದರೆ ನಲವತ್ತು ಮಕ್ಕಳೂ ನೆಲ ನೋಡುತ್ತಿದ್ದರು. ಶಿಸ್ತು ಬಂದಿದೆ ಎಂದು ನಾನು ತಿಳಿದುಕೊಂಡೆ.

ಇಷ್ಟು ಅವಳಿಗೆ ಗೊತ್ತಿದ್ದದ್ದು.

ಅವಳಿಗೆ ಗೊತ್ತಿಲ್ಲದ್ದು ಅದಕ್ಕೆ ಹತ್ತು ದಿನ ಮೊದಲಿನದು. ಒಂದು ಶನಿವಾರ, ಮಕ್ಕಳೆಲ್ಲ ಹೋದ ಮೇಲೆ, ಬೀರುವಿನ ಮೇಲಿನ ಅರೆಯಿಂದ ಹಳೆಯ ಹಾಜರಿ ಪುಸ್ತಕ ಎಳೆಯುವಾಗ ನನ್ನ ಮೊಣಕೈ ತಗುಲಿ ಗ್ಲೋಬ್ ಕಲ್ಲು ಹಾಸಿನ ಮೇಲೆ ಬಿತ್ತು. ಉರುಳಿ ಬೆಂಚಿನ ಕೆಳಗೆ ಹೋಯಿತು. ಎತ್ತಿ ತಿರುಗಿಸಿ ನೋಡಿದೆ. ಇಂಡಿಯಾ ಸರಿಯಿತ್ತು, ಆಫ್ರಿಕಾ ಸರಿಯಿತ್ತು. ಶಾಂತಸಾಗರದ ನಡುವೆ ಉಗುರಿನಷ್ಟು ಒಂದು ಸುಕ್ಕು. ಸೆರಗಿನಿಂದ ಒರಸಿ, ಶಾಂತಸಾಗರವನ್ನು ಗೋಡೆಯ ಕಡೆ ಮಾಡಿ ಇಟ್ಟು ಬೀರು ಮುಚ್ಚಿದೆ. ದುಡ್ಡು ಕಟ್ಟಬೇಕಾದೀತೆಂಬ ಭಯವೂ ಅಲ್ಲ. ಮಕ್ಕಳಿಗೆ ಜೋಪಾನ ಹೇಳುವವಳೇ ಬೀಳಿಸಿದಳಂತೆ ಎಂಬ ಮಾತು ಬೇಡವಾಗಿತ್ತು. ಹತ್ತು ದಿನದ ಮೇಲೆ ಇವಳು ಎದ್ದು ನಿಂತಾಗ ನನಗೆ ಆ ಸುಕ್ಕು ನೆನಪಿಗೆ ಬರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಂದಿತ್ತು. ಸ್ಕೇಲು ಎತ್ತಿದಾಗಲೇ ಬಂದಿತ್ತು.

ಈ ಮಾತನ್ನು ನನ್ನ ಮನೆಯವರಿಗೂ ಹೇಳಿರಲಿಲ್ಲ. ಒಬ್ಬಟ್ಟಿನ ತಟ್ಟೆ ಮುಂದೆ ಇಟ್ಟುಕೊಂಡು ಕೂತಿದ್ದ ಆ ಹುಡುಗಿಗೆ ಹೇಳಿದೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಹಾಜರಿ ಪುಸ್ತಕದಿಂದ ಶುರು ಮಾಡಿ, ಗೋಡೆಯ ಕಡೆ ತಿರುಗಿಸಿ ಇಟ್ಟದ್ದನ್ನೂ ಬಿಡದೆ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಕಪ್ಪು ಬಿಲ್ಲೆಯನ್ನು ಕೈಯಲ್ಲಿ ಮಗುಚುತ್ತ ಕೂತಿದ್ದಳು. ಒಳಗೆ ಸಾರು ಉಕ್ಕಿ ಒಲೆಯ ಮೇಲೆ ಸುರಿದ ವಾಸನೆ ಬಂತು, ನಾನು ಏಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು. “ಎಷ್ಟು ಎತ್ತರದಿಂದ ಬಿತ್ತು ಮಿಸ್?”

“ಮೇಲಿನ ಅರೆಯಿಂದ” ಎಂದೆ. “ಐದು ಅಡಿ ಇರಬಹುದು.”

“ಕಲ್ಲು ಹಾಸಿನ ಮೇಲೆ?”

“ಹೌದು. ಕಲ್ಲು ಹಾಸಿನ ಮೇಲೆ.”

“ಹಂಗಾದ್ರೆ ಆವಾಗ್ಲೇ ಬಿಟ್ಟಿತ್ತು ಬಿಡಿ” ಎಂದಳು. ಬಿಲ್ಲೆಯನ್ನು ಮೇಜಿನ ಮೇಲೆ ಇಟ್ಟು, ಒಲೆ ಆರಿಸಲು ತಾನೇ ಎದ್ದು ಒಳಗೆ ಹೋದಳು.